ಟೀಮ್ ಔಟಿಂಗ್‌ಗೆ ಯಾವ ಆಟ? ಮೊದಲು ಆಡದವರನ್ನು ಲೆಕ್ಕ ಹಾಕಿ

ಔಟಿಂಗ್ ಜವಾಬ್ದಾರಿ ತಲೆಗೆ ಬಿದ್ದ ಕೂಡಲೇ ಎಲ್ಲರೂ ರೆಸಾರ್ಟ್‌ನವರ ಪ್ಯಾಕೇಜ್ ಪಟ್ಟಿ ತೆಗೆದು ಟಿಕ್ ಹಾಕುತ್ತಾ ಕೂರುತ್ತಾರೆ. ಅದನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಟೀಮಿನಲ್ಲಿ ಓಡಲಾಗದವರು, ಓಡಲು ಮನಸ್ಸಿಲ್ಲದವರು ಯಾರು ಅಂತ ಯೋಚಿಸಿ. ಮಂಡಿ ನೋವಿನವರು, ಗರ್ಭಿಣಿಯರು, ಹೋದ ವಾರವಷ್ಟೇ ಸೇರಿ ಯಾರ ಪರಿಚಯವೂ ಇಲ್ಲದವರು. ಚೆನ್ನಾಗಿ ಆಡುವವರು ಯಾವ ಆಟ ಕೊಟ್ಟರೂ ಆಡುತ್ತಾರೆ. ಆಟ ಆರಿಸಬೇಕಾದ್ದು ಉಳಿದವರಿಗಾಗಿ.

ಹಾಗಾಗಿ ಔಟಾದವರು ಹೊರಗೆ ಕೂರುವ ಆಟಗಳನ್ನು ಮೊದಲೇ ಕೈಬಿಡಿ. ಮ್ಯೂಸಿಕಲ್ ಚೇರ್, ಡಾಡ್ಜ್‌ಬಾಲ್ ಎರಡರಲ್ಲೂ ಆಡಲು ಬಾರದವರೇ ಮೊದಲು ಹೊರಬೀಳುತ್ತಾರೆ, ಮರದಡಿ ಕೂತು ಮೊಬೈಲ್ ತೆಗೆಯುತ್ತಾರೆ. ಡಾಡ್ಜ್‌ಬಾಲ್ ಬೇಕೇ ಬೇಕು ಅಂದರೆ ಚೆಂಡು ತಗುಲಿದವರು ಎದುರಿನ ತಂಡಕ್ಕೆ ಸೇರಲಿ. ಕ್ರಿಕೆಟ್ ಬೇಡ ಅಂದರೆ ಅರ್ಧ ಆಫೀಸು ಜಗಳಕ್ಕೆ ಬರುತ್ತೆ, ಆದರೂ ಹೇಳುತ್ತೇನೆ, ಇಬ್ಬರು ಬ್ಯಾಟಿಂಗ್, ಒಬ್ಬರು ಬೌಲಿಂಗ್, ಮಿಕ್ಕವರು ಸುಮ್ನೆ ಬಿಸಿಲಲ್ಲಿ ನಿಲ್ಲುವುದು.

ನನ್ನ ಆಯ್ಕೆ ಲಗೋರಿ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು, ಮುಗೀತು. ಕಲ್ಲು ಬೀಳಿಸೋಕೆ ಗುರಿ ಬೇಕು ನಿಜ, ಆದರೆ ಮತ್ತೆ ಜೋಡಿಸುವಾಗ ಒಬ್ಬರು ಎದುರಾಳಿಗಳನ್ನು ಆ ಕಡೆ ಓಡಿಸಿಕೊಂಡು ಹೋಗಬೇಕು, ಇನ್ನೊಬ್ಬರು ನುಗ್ಗಿ ಎರಡು ಕಲ್ಲಿಟ್ಟು ಓಡಬೇಕು, ಚೆಂಡು ಯಾರ ಕೈಲಿದೆ ಅಂತ ಮತ್ತೊಬ್ಬರು ಕೂಗುತ್ತಿರಬೇಕು. ಟೀಮ್ ವರ್ಕ್ ಅಂದ್ರೆ ಇದೇ ಅಲ್ವಾ? ಬೆನ್ನಿಗೆ ರಪ್ಪನೆ ಬೀಳುವ ಟೆನಿಸ್ ಬಾಲ್ ಬೇಡ, ಸ್ಪಂಜ್ ಬಾಲ್ ತನ್ನಿ. ಯಾರಿಗೆ ತಗುಲಿದರೂ ಇಡೀ ತಂಡದ ಸರದಿ ಮುಗಿಯಿತು ಅಂತ ಇಟ್ಟುಕೊಳ್ಳಿ, ಆಗ ಒಬ್ಬರೇ ಹೊರಗೆ ಕೂರುವ ಪ್ರಶ್ನೆ ಇರಲ್ಲ. ಉತ್ತರ ಭಾರತದವರು ಇದನ್ನು ಪಿಟ್ಟೂ ಅಂತ ಆಡಿರುತ್ತಾರೆ, ನಿಯಮ ಹೇಳಿಕೊಡುವ ಕಷ್ಟವೂ ಕಡಿಮೆ.

ಓಡುವುದು ಜಾಸ್ತಿ ಬೇಡ ಅಂದರೆ ಥ್ರೋಬಾಲ್. ಒಂದು ಕಡೆಗೆ 7 ಜನ, ಹಿಡಿ, ಎಸೆ, ಅಷ್ಟೇ. ನಮ್ಮಲ್ಲಿ ಶಾಲೆಯಲ್ಲಿ ಇದನ್ನಾಡಿದ ಹೆಣ್ಣುಮಕ್ಕಳು ತುಂಬಾ ಜನ ಇದ್ದಾರೆ, ಎಷ್ಟೋ ಸಲ ಗಂಡಸರಿಗಿಂತ ಅವರೇ ಮುಂದು. ಕಬಡ್ಡಿ ಒಳ್ಳೆಯ ಆಟ, ಆದರೆ ಗಂಡಸರು ಹೆಂಗಸರು ಸೇರಿದ ಗುಂಪಿನಲ್ಲಿ ಹಿಡಿದೆಳೆಯುವುದು ಮುಜುಗರ. ಖೋ ಖೋ ಕೂತು ಆಡುವ ಆಟದ ಥರ ಕಾಣುತ್ತೆ, ಆದರೆ ಕುಕ್ಕರಗಾಲಲ್ಲಿದ್ದವರು ಥಟ್ಟನೆ ಎದ್ದು ಓಡಬೇಕು, ವರ್ಷವೆಲ್ಲ ಕುರ್ಚಿಯಲ್ಲಿ ಕೂತ ಮಂಡಿಗೆ ಅದು ಆಗಿಬರಲ್ಲ.

ಹಗ್ಗಜಗ್ಗಾಟ ಕೊನೆಗಿರಲಿ, ಹತ್ತೇ ನಿಮಿಷದಲ್ಲಿ ಕೂಗಿ ಕೂಗಿ ಎಲ್ಲರಿಗೂ ಗಂಟಲು ಕಟ್ಟುತ್ತೆ. ಸ್ಪರ್ಧೆಯಲ್ಲಾದರೆ ಒಂದೊಂದು ಕಡೆಗೆ 8 ಜನ, ತಂಡದ ಒಟ್ಟು ತೂಕ ನೋಡಿ ವಿಭಾಗ ಮಾಡುತ್ತಾರೆ. ಆಫೀಸಿನಲ್ಲಿ ಯಾರೂ ತೂಕ ಹೇಳಲ್ಲ ಬಿಡಿ, ಕಣ್ಣಳತೆಯಲ್ಲೇ ಹಂಚಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲು ಮಾತ್ರ ಬಿಡಲೇಬೇಡಿ. 1997ರಲ್ಲಿ ತೈಪೆಯಲ್ಲಿ ಹಗ್ಗ ತುಂಡಾಗಿ ಇಬ್ಬರ ತೋಳೇ ಕಿತ್ತುಬಂದಿತ್ತು. ಎಳೆದರೆ ಹಿಗ್ಗುವ ನೈಲಾನ್ ಹಗ್ಗವೂ ಬೇಡ, ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತೆ.

ಗನ್ನಿನಿಂದ ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್‌ಗೆ ತಲೆಗಿಷ್ಟು ಅಂತ ದುಡ್ಡು, ಜೊತೆಗೆ ಮುಖವಾಡ ಹಾಕಿಕೊಳ್ಳೋಕೆ ಕ್ಯೂ. ಇಷ್ಟವಿದ್ದವರು ಸಂಜೆ ಆಡಲಿ.

ಬೆಂಗಳೂರಿನಿಂದ ರಾಮನಗರವೋ ನಂದಿ ಬೆಟ್ಟದ ಕಡೆಯೋ ಬಸ್ಸಲ್ಲಿ ಹೊರಟರೆ ತಿಂಡಿ, ಟ್ರಾಫಿಕ್ ಎಲ್ಲ ಮುಗಿದು ಹತ್ತೂವರೆ ಆಗಿಯೇ ಆಗುತ್ತೆ. ಲಗೋರಿ ಊಟಕ್ಕೆ ಮುಂಚೆಯೇ ಆಗಬೇಕು, ಬಿರಿಯಾನಿ ಆದಮೇಲೆ ಯಾರೂ ಏಳಲ್ಲ. ಥ್ರೋಬಾಲ್, ಹಗ್ಗ ನಾಲ್ಕರ ಚಹಾ ಆದಮೇಲೆ. ತಂಡಕ್ಕೆ ಚೀಟಿ ಎತ್ತಿಸಿ, ಇಲ್ಲದಿದ್ದರೆ ಟೆಸ್ಟಿಂಗ್‌ನವರು ಒಂದು ಕಡೆ, ಡೆವಲಪರ್‌ಗಳು ಒಂದು ಕಡೆ ನಿಂತುಬಿಡುತ್ತಾರೆ. ಮ್ಯಾನೇಜರ್‌ಗೆ ಕ್ಯಾಪ್ಟನ್ ಪಟ್ಟ ಬೇಡ. ಆಡಲಾಗದವರಿಗೆ ವಿಸಿಲ್ ಕೊಟ್ಟು ಅಂಪೈರ್ ಮಾಡಿ. ಅಡ್ವಾನ್ಸ್ ಕಟ್ಟುವ ಮುಂಚೆ ರೆಸಾರ್ಟ್‌ಗೆ ಫೋನ್ ಮಾಡಿ, ಮೈದಾನ ಮಣ್ಣಿನದೋ ಕಾಂಕ್ರೀಟೋ, ನೆರಳಿದೆಯೋ ಇಲ್ಲವೋ ಕೇಳಿಕೊಳ್ಳಿ, ಮತ್ತು ಎಲ್ಲರಿಗೂ ಶೂ ಹಾಕಿಕೊಂಡು ಬರಲು ಹಿಂದಿನ ದಿನವೇ ಮೆಸೇಜ್ ಹಾಕಿ.