‘ತಲಿ ಭಾರ’ ಅಂದವರಿಗೆ ಮುಂದಿನ ಪ್ರಶ್ನೆ ಏನು?

ಕ್ಲಿನಿಕಲ್ ಸೈಕಾಲಜಿ ಓದುತ್ತಾ ವಿಜಯಪುರದ ಕಡೆ ಮೊದಲ ಸಲ ರೋಗಿಯ ಸಂದರ್ಶನಕ್ಕೆ ಕೂರುತ್ತೀರಾ? ಪ್ರಶ್ನೆಪಟ್ಟಿ ಆಮೇಲೆ ತೆಗೆಯಿರಿ. ಊರು ಯಾವುದು, ಈ ಸಲ ತೊಗರಿ ಹೇಗಿದೆ ಅಂತ ಕೇಳಿ ಐದು ನಿಮಿಷ ಸುಮ್ನೆ ಕೇಳಿಸಿಕೊಳ್ಳಿ. ಮಾತಿನ ವೇಗ, ಕಣ್ಣು, ಚಡಪಡಿಸುವ ಬೆರಳು, ಎಲ್ಲ ಆಗಲೇ ಕಾಣುತ್ತದೆ.

ಇಂಡಿ ಕಡೆಯ ಹೆಣ್ಣುಮಗಳೊಬ್ಬರು ‘ತಲಿ ಭಾರ ಆಗೇದ್ರಿ, ನಿದ್ದಿ ಹತ್ತವಲ್ದು’ ಅಂತಾರೆ, ಪಕ್ಕದಲ್ಲಿ ಕೂತ ಮೈದುನ ‘ಏನಿಲ್ರಿ ಸರ, ಭಾಳ ವಿಚಾರ ಮಾಡ್ತಾರ್ರಿ’ ಅಂತ ಎಲ್ಲದಕ್ಕೂ ತಾನೇ ಉತ್ತರ ಕೊಡ್ತಾನೆ ಅಂದುಕೊಳ್ಳಿ. ಮೊದಲು ಅವನನ್ನು ಹೊರಗೆ ಕೂರಿಸಿ. ಅವನ ಮಾತೂ ಬೇಕು, ಆದರೆ ಬೇರೆಯಾಗಿ. ‘ಖಿನ್ನತೆ ಇದೆಯಾ’ ಅಂದರೆ ಯಾರಿಗೆ ತಿಳಿಯುತ್ತೆ? ‘ಅಕ್ಕಾರ, ಮೊದಲಿದ್ದ ಹುರುಪು ಈಗ ಐತೇನ್ರಿ?’ ಅನ್ನಿ. ತಾರೀಖು ನೆನಪಿಲ್ಲದಿದ್ದರೆ ‘ಕಾರಹುಣ್ಣಿಮೆಗಿಂತ ಮೊದಲೋ, ಆಮೇಲೋ?’ ಅಂತ ಹಿಡಿಯಿರಿ. ಯಾಕೆಂದರೆ ಮಾನಸಿಕ ಕಾಯಿಲೆ ಗುರುತಿಸುವ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಖಿನ್ನತೆ ಅನ್ನಬೇಕಾದರೆ 9 ಲಕ್ಷಣಗಳಲ್ಲಿ ಕನಿಷ್ಠ 5, ಅದೇ 2 ವಾರದಲ್ಲಿ ಕಾಣಬೇಕು; ಬೇಸರ ಅಥವಾ ಆಸಕ್ತಿ ಹೋಗಿರುವುದು, ಈ ಎರಡರಲ್ಲಿ ಒಂದಾದರೂ ಇರಲೇಬೇಕು. ಥೈರಾಯ್ಡ್ ತೊಂದರೆಯೂ ಹೀಗೇ ಕಾಣಿಸಬಹುದು, ಅದನ್ನೂ ನೋಡಿಸಿ.

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ‘ಹೌದು’ ಅಂದರೆ ಒಬ್ಬರನ್ನೇ ಬಿಡಬೇಡಿ, ಮೇಲಿನ ಡಾಕ್ಟರಿಗೆ ತಕ್ಷಣ ತಿಳಿಸಿ, ಮನೆಯವರಿಗೆ ಟೆಲಿ ಮಾನಸ್ ಸಹಾಯವಾಣಿ ನಂಬರ್ 14416 ಬರೆದುಕೊಡಿ.

ಸಂಶೋಧನೆಗೆ ಮಾತ್ರ ಈ ಸ್ವಾತಂತ್ರ್ಯ ಕಮ್ಮಿ. ಎಸ್‌ಸಿಐಡಿ (ಅದೇ ಕೈಪಿಡಿ ಆಧರಿಸಿದ ಸಂದರ್ಶನ ಪಟ್ಟಿ) ಥರದ ಸಿದ್ಧ ಪ್ರಶ್ನೆಗಳನ್ನು ಎಲ್ಲರಿಗೂ ಅದೇ ಕ್ರಮದಲ್ಲಿ ಕೇಳಬೇಕು. ಒಂದೇ ಸಂದರ್ಶನಕ್ಕೆ ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಗುರುತು ಹಾಕಿ, ಎಷ್ಟು ಹೊಂದುತ್ತದೆ ಅಂತ ಕಪ್ಪಾ (ಇಬ್ಬರ ಹೊಂದಾಣಿಕೆ ಅಳೆಯುವ ಅಂಕಿ) ಲೆಕ್ಕದಲ್ಲಿ ನೋಡಿ.