ಎಡಗಡೆ ಹಲ್ಲು ಯಾಕೆ ಸವೆಯಿತು: ನನ್ನ ಅನುಭವ

ಆ ಬೇಸಿಗೆಯಲ್ಲಿ ಮಡಕೆ ನೀರು ಕುಡಿದಾಗ ಮೊದಲ ಸಲ ಹಲ್ಲು ಜುಮ್ ಅಂದಿತು. ಮೇಲಿನ ಎಡಗಡೆಯ ಕೋರೆಹಲ್ಲು, ಅದರ ಹಿಂದಿನ ಎರಡು ಹಲ್ಲು. ಹೆಬ್ಬೆರಳಿನ ಉಗುರನ್ನು ವಸಡಿನ ಅಂಚಿನಲ್ಲಿ ಎಳೆದು ನೋಡಿದೆ. ಒಂದು ಕಚ್ಚಿಗೆ ಸಿಕ್ಕಿಕೊಂಡಿತು. ಮರಕ್ಕೆ ಕತ್ತಿಯಿಂದ ಕಚ್ಚು ಹಾಕಿದ ಹಾಗಿತ್ತು.

ಹುಳುಕು ಇರಬೇಕು ಅಂದುಕೊಂಡು ದಂತವೈದ್ಯರ ಹತ್ತಿರ ಹೋದೆ. ಹುಳುಕು ಒಂದೂ ಇರಲಿಲ್ಲ. ಅವರು ಬಾಯಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನೀವು ಬಲಗೈಯಲ್ಲಿ ಹಲ್ಲುಜ್ಜುವವರು, ಅಲ್ವಾ?" ಬಲಗೈಯವರು ಬ್ರಷ್ ಹಿಡಿದರೆ ಜಾಸ್ತಿ ಒತ್ತು ಬೀಳುವುದು ಎಡಗಡೆಯ ಕೋರೆಹಲ್ಲಿನ ಸುತ್ತ. ಹಲ್ಲಿನ ಮೇಲಿನ ಎನಾಮೆಲ್ ಪದರ ದವಡೆ ಹಲ್ಲಿನ ತುದಿಯಲ್ಲಿ ಎರಡು, ಎರಡೂವರೆ ಮಿಲಿಮೀಟರ್ ದಪ್ಪ ಇರುತ್ತದೆ. ವಸಡಿನ ಹತ್ತಿರ ಬಂದಾಗ ಅದೇ ಪದರ ತೆಳ್ಳಗಾಗುತ್ತಾ ಮುಗಿದುಹೋಗುತ್ತದೆ. ನಾನು ಬಲ ಹಾಕಿ ತಿಕ್ಕುತ್ತಿದ್ದದ್ದು ಸರಿಯಾಗಿ ಅಲ್ಲೇ.

ಆದರೆ ಬ್ರಷ್ ಒಂದರಿಂದಲೇ ಇಷ್ಟು ಸವೆಯುವುದಿಲ್ಲ ಎಂದರು. ನಾಲ್ಕು ದಿನ, ಅದರಲ್ಲಿ ಒಂದು ಭಾನುವಾರ ಸೇರಿ, ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಬರೆದು ತರಲು ಹೇಳಿದರು. ಹುಳಿತೇಗು ಬರುತ್ತದಾ ಅಂತಲೂ ಕೇಳಿದರು. ಹೊಟ್ಟೆಯ ಆಮ್ಲ ಮೇಲೆ ಬರುವವರಲ್ಲಿ ಮೇಲಿನ ಮುಂದಿನ ಹಲ್ಲುಗಳ ಒಳಬದಿ ಕರಗಿರುತ್ತದಂತೆ. ನನ್ನದು ಹಾಗಿರಲಿಲ್ಲ.

ಬರೆದದ್ದನ್ನು ಮನೆಯಲ್ಲಿ ಕೂತು ಓದಿದಾಗಲೇ ನನಗೆ ಅರ್ಥವಾಯಿತು. ಬೆಳಿಗ್ಗೆ 5.45ಕ್ಕೆ ಬಿಸಿನೀರು, ನಿಂಬೆರಸ, ಜೇನು. 6 ಗಂಟೆಗೆ ಹಲ್ಲುಜ್ಜುವುದು. ಹತ್ತರಿಂದ ಮಧ್ಯಾಹ್ನದವರೆಗೆ ಮೇಜಿನ ಮೇಲೆ ಒಂದು ಬಾಟಲಿ ಪುನರ್ಪುಳಿ (ಕೋಕಂ ಅನ್ನುವ ಹುಳಿಹಣ್ಣು) ಶರಬತ್ತು, ಹತ್ತು ನಿಮಿಷಕ್ಕೊಂದು ಗುಟುಕು. ಪುತ್ತೂರಿನ ಸೆಖೆಗೆ ಅದು ಬೇಕೇ ಬೇಕು ಅನ್ನಿಸುತ್ತಿತ್ತು.

ಇದರಲ್ಲಿ ಏನಾಗುತ್ತದೆ ಅಂತ ವೈದ್ಯರು ಚೆನ್ನಾಗಿ ಬಿಡಿಸಿ ಹೇಳಿದರು. ಎನಾಮೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ್ದು. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು. ನಿಂಬೆರಸದ ಪಿಎಚ್ 2 ರಿಂದ 3ರ ನಡುವೆ. ಹುಳಿ ಕುಡಿದ ಮೇಲೆ ಹಲ್ಲಿನ ಮೇಲ್ಮೈ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ. ಬಿಟ್ಟರೆ ಜೊಲ್ಲು ಅದನ್ನು ನಿಧಾನವಾಗಿ ಮತ್ತೆ ಗಟ್ಟಿ ಮಾಡುತ್ತದೆ. ಅಷ್ಟರೊಳಗೆ ಬ್ರಷ್ ಹಾಕಿ ತಿಕ್ಕಿದರೆ ಮೆತ್ತಗಾದ ಪದರ ಹಾಗೇ ಹೋಗುತ್ತದೆ. ನಾನು ಆರು ವರ್ಷ ಮಾಡಿದ್ದು ಅದನ್ನೇ. ಮೊದಲು ಹುಳಿ, ಹಿಂದೆಯೇ ಬ್ರಷ್. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟುವ ಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. ಈ ಮಾತು ಕೇಳಿ ಆ ದಿನ ನಿಜಕ್ಕೂ ಬೇಜಾರಾಯಿತು.

ಹುಳಿ ಕುಡಿದು ಅರ್ಧ ಗಂಟೆ ಕಾದು ಉಜ್ಜಿದರೆ ಸಾಕಾ ಎಂದು ಕೇಳಿದೆ. ಅಷ್ಟು ಹೊತ್ತಿನಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ, ಮೊದಲೇ ಉಜ್ಜಿಬಿಡಿ ಎಂದರು. ಅಂದಿನಿಂದ ಎದ್ದ ಕೂಡಲೇ ಹಲ್ಲುಜ್ಜುತ್ತೇನೆ. ನಿಂಬೆನೀರು ಬಿಟ್ಟೇಬಿಟ್ಟೆ. ಪುನರ್ಪುಳಿ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ. ಊಟದ ಜೊತೆ ಒಂದು ಲೋಟ, ಒಂದೇ ಸಲಕ್ಕೆ ಕುಡಿದು ಮುಗಿಸುತ್ತೇನೆ, ಮೇಲಿಂದ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತೇನೆ. ಎಷ್ಟು ಕುಡಿದೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಹಲ್ಲಿಗೆ ಹುಳಿ ತಾಗುತ್ತಿತ್ತು ಅನ್ನುವುದೇ ದೊಡ್ಡದು. ಮೊಸರಿನ ಬಗ್ಗೆ ನನಗೆ ಹೆದರಿಕೆ ಇತ್ತು, ಅದೂ ಹುಳಿಯಲ್ವಾ ಅಂತ. ಮೊಸರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರುವುದರಿಂದ ಅದು ಎನಾಮೆಲ್ ಕರಗಿಸುವುದಿಲ್ಲವಂತೆ. ಅದು ಕೇಳಿ ಸಮಾಧಾನವಾಯಿತು.

ಬ್ರಷ್ ಒತ್ತುವ ಅಭ್ಯಾಸ ಬಿಡಿಸುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಮೆತ್ತನೆಯ ಬ್ರಷ್ ತಂದೆ, ಮೂರೇ ವಾರದಲ್ಲಿ ಅದರ ಎಳೆಗಳು ಹೊರಗೆ ಬಾಗಿಬಿಟ್ಟವು. ಆಗ ಅಡುಗೆಮನೆಯ ಡಿಜಿಟಲ್ ತಕ್ಕಡಿ ನೆನಪಾಯಿತು. ಅದರ ಮೇಲೆ ಬ್ರಷ್ ಇಟ್ಟು ಹಲ್ಲಿಗೆ ಒತ್ತುವಷ್ಟೇ ಒತ್ತಿದೆ. 460 ಗ್ರಾಂ ತೋರಿಸಿತು. ವೈದ್ಯರು ಹೇಳಿದ್ದು 150ರ ಆಸುಪಾಸು. ದಿನಾ ರಾತ್ರಿ ತಕ್ಕಡಿಯ ಮೇಲೆ ಹತ್ತು ಸಲ ಒತ್ತಿ, ಆ 150 ಗ್ರಾಂ ಕೈಗೆ ಹೇಗೆ ಅನ್ನಿಸುತ್ತದೆ ಎಂದು ಕಲಿತೆ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನ ಹಾಗೆ ಬೆರಳಲ್ಲಿ ಹಿಡಿದೆ. ಎಡಗಡೆಯಿಂದ ಶುರು ಮಾಡುವುದನ್ನು ಬಿಟ್ಟು ಕೆಳಗಿನ ಬಲಗಡೆಯಿಂದ ಶುರು ಮಾಡಿದೆ. ಸುಮಾರು ಎರಡು ತಿಂಗಳಲ್ಲಿ ಕೈ ಪಳಗಿತು. ಈಗ ಒಂದು ಬ್ರಷ್ ಮೂರು ತಿಂಗಳು ನೆಟ್ಟಗೇ ಇರುತ್ತದೆ.

ಹಲ್ಲು ಬೆಳ್ಳಗಾಗಲಿ ಅಂತ ತಂದಿಟ್ಟ ಇದ್ದಿಲ ಪುಡಿಯನ್ನೂ ಎಸೆದೆ. ಅಜ್ಜಿ ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು ಸೇರಿಸಿ ಹಲ್ಲುಜ್ಜುತ್ತಿದ್ದರು. ಕಡೆಗಾಲದಲ್ಲಿ ಅವರ ಹಲ್ಲುಗಳು ಚಪ್ಪಟೆಯಾಗಿ, ಒಳಗಿನ ಹಳದಿ ಕಾಣುತ್ತಿತ್ತು. ಉಮಿಯ ಬೂದಿಯಲ್ಲಿ ತುಂಬಿರುವುದು ಸಿಲಿಕಾ, ಮರಳಿನಲ್ಲಿರುವ ವಸ್ತುವೇ. ಆ ಕರಿಯ ವಾಸನೆ ನನಗೆ ಇವತ್ತಿಗೂ ಇಷ್ಟ. ಆದರೆ ಹಲ್ಲಿಗೆ ಹಾಕಲಾರೆ.

ಪೇಸ್ಟ್ ಈಗ ಫ್ಲೋರೈಡ್ ಇರುವುದು. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡಿಗೆ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಮಿತಿ, ಡಬ್ಬಿಯ ಮೇಲೆ ಬರೆದಿರುತ್ತದೆ. ಮೊದಲ ಎರಡು ತಿಂಗಳು ಪೊಟ್ಯಾಷಿಯಂ ನೈಟ್ರೇಟ್ ಇರುವುದನ್ನು ಹಾಕಿದೆ. ಜುಮ್ ಅನ್ನುವುದು ಕಡಿಮೆಯಾಗಲು ಮೂರು ನಾಲ್ಕು ವಾರ ಹಿಡಿಯಿತು. ಉಜ್ಜಿದ ಮೇಲೆ ಉಗುಳುತ್ತೇನೆ ಅಷ್ಟೇ, ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ ಅಂತ ನೀರು ಹಾಕಿ ತೊಳೆಯುವುದಿಲ್ಲ. ಆಳವಾಗಿದ್ದ ಎರಡು ಕಚ್ಚುಗಳಿಗೆ ವೈದ್ಯರು ಸಿಮೆಂಟ್ ತುಂಬಿದರು. ಒಂದು ಎಂಟು ತಿಂಗಳಿಗೆ ಕಿತ್ತುಬಂತು, ಮತ್ತೆ ಹಾಕಿಸಿದೆ. ಮೂರನೆಯ ಕಚ್ಚನ್ನು ಬೇಕಂತಲೇ ಹಾಗೇ ಬಿಟ್ಟರು, ಸವೆತ ನಿಂತಿದೆಯಾ ಅಂತ ನೋಡಲು.

ಅದಕ್ಕಾಗಿ ಮೊದಲೇ ನನ್ನ ಹಲ್ಲುಗಳ ಪ್ಲಾಸ್ಟರ್ ಅಚ್ಚು ತೆಗೆದಿಟ್ಟಿದ್ದರು. ಹದಿನಾಲ್ಕು ತಿಂಗಳ ಮೇಲೆ ಇನ್ನೊಂದು ತೆಗೆದು, ಎರಡನ್ನೂ ಕಿಟಕಿ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟರು. ನಾನೇ ಎರಡರ ಮೇಲೂ ಉಗುರು ಎಳೆದು ನೋಡಿದೆ. ಕಚ್ಚು ಎರಡರಲ್ಲೂ ಅಷ್ಟೇ ಇತ್ತು.