ರಟ್ಟೀಹಳ್ಳಿಯಿಂದ ಡಂಬಳದವರೆಗೆ: ದೀರ್ಘ ಯುದ್ಧವೊಂದನ್ನು ಓದುವ ಕ್ರಮ

ಧಾರವಾಡದಲ್ಲಿ ಇತಿಹಾಸ ಓದುವವರಿಗೆ, ಕೆಎಎಸ್ ಮುಖ್ಯ ಪರೀಕ್ಷೆಗೆ ಕೂತವರಿಗೆ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವರಿಗೆ ಮರಾಠಾ–ಮೈಸೂರು ಯುದ್ಧಗಳು ಇಸವಿಗಳ ಪಟ್ಟಿಯಾಗಿ ಕೈಗೆ ಬರುತ್ತವೆ. ಯಾರು ಗೆದ್ದರು, ಯಾವ ಒಪ್ಪಂದವಾಯಿತು, ಯಾರಿಗೆ ಎಷ್ಟು ನೆಲ ಹೋಯಿತು, ಅಷ್ಟೇ. ಪುಣೆ ಮತ್ತು ಶ್ರೀರಂಗಪಟ್ಟಣ ಎಂಬ ಎರಡು ಬಲಾಢ್ಯ ನೆರೆಯವರು ಒಮ್ಮೆ ವೈರಿಗಳಾಗಿ, ಒಮ್ಮೆ ಮಿತ್ರರಾಗಿ, ಮತ್ತೆ ವೈರಿಗಳಾಗಿ ಕೊನೆಗೆ ಇಬ್ಬರೂ ಮೂರನೆಯವನ ಕೈಗೆ ಸಿಕ್ಕಿದ್ದು ಹೇಗೆ ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅದು ಕಾಣುವಂತೆ ಓದುವ ಕ್ರಮ ಇಲ್ಲಿದೆ. ಜಗಳ ನಡೆದ ನೆಲ ಬಹುಪಾಲು ನಮ್ಮದೇ, ಮಲಪ್ರಭೆ ಮತ್ತು ತುಂಗಭದ್ರೆಯ ನಡುವಿನ ಸೀಮೆ.

ಬೇಕಾಗುವುದು ಎರಡು ಎ-3 ಹಾಳೆ, ಮೂರು ಬಣ್ಣದ ಪೆನ್ಸಿಲ್, ಒಂದು ಉದ್ದ ನೋಟ್‌ಬುಕ್ಕು ಮತ್ತು ಜಿಲ್ಲಾ ಗ್ಯಾಝೆಟಿಯರಿನ ಇತಿಹಾಸದ ಅಧ್ಯಾಯ.

ಮೊದಲು ಕಾಲದ ಗಡಿ ಹಾಕಿಕೊಳ್ಳಿ. 1785ರಿಂದ 1787 ಎಂದು ಪುಸ್ತಕ ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. 1764ರ ರಟ್ಟೀಹಳ್ಳಿ ಕಾಳಗದಿಂದ ಶುರು ಮಾಡಿ. ಈಗಿನ ಹಾವೇರಿ ಜಿಲ್ಲೆಯ ಆ ಊರಿನ ಬಳಿ ಪೇಶ್ವೆ ಮಾಧವರಾಯ ಹೈದರ್ ಅಲಿಯನ್ನು ಸೋಲಿಸಿದ. 1800ರ ಜುಲೈನಲ್ಲಿ ಗದಗ ಸೀಮೆಯ ಡಂಬಳದ ಕೋಟೆಯನ್ನು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಿಡಿದಲ್ಲಿಗೆ ಮುಗಿಸಿ. ಇದು ಮೂವತ್ತಾರು ವರ್ಷದ ಹರವು. ಚಿಕ್ಕ ಗಡಿ ಹಾಕಿಕೊಂಡರೆ ಪ್ರತಿ ಯುದ್ಧಕ್ಕೂ ಅದರದೇ ಒಂದು ಕಾರಣ ಹುಡುಕುತ್ತ ಕೂರಬೇಕಾಗುತ್ತದೆ, ಹಿಂದಿನ ಒಪ್ಪಂದದ ಹೊಟ್ಟೆಯಲ್ಲೇ ಮುಂದಿನ ಯುದ್ಧ ಇದ್ದದ್ದು ಕಣ್ಣು ತಪ್ಪುತ್ತದೆ.

ಎರಡನೆಯದು ನಕ್ಷೆ. ಕೃಷ್ಣಾ, ಮಲಪ್ರಭಾ, ತುಂಗಭದ್ರಾ ಮೂರನ್ನೂ ಮೊದಲು ಎಳೆದು, ಆಮೇಲೆ ಬಾದಾಮಿ, ನರಗುಂದ, ಗಜೇಂದ್ರಗಡ, ಕಿತ್ತೂರು, ಧಾರವಾಡ, ಸವಣೂರು ಗುರುತಿಸಿ. ಈಗಿನ ಜಿಲ್ಲೆಯ ಗೆರೆಗಳನ್ನು ಹಾಕಬೇಡಿ, ಅವು ದಾರಿ ತಪ್ಪಿಸುತ್ತವೆ. ಪ್ರತಿ ಘಟನೆಯ ಪಕ್ಕ ತಿಂಗಳನ್ನೂ ಬರೆಯಿರಿ. ನರಗುಂದದ ಸುತ್ತಲಿನ ಎರೆ ನೆಲದಲ್ಲಿ ಮಳೆ ಬಿದ್ದ ಮೇಲೆ ಎತ್ತಿನ ಬಂಡಿಯೇ ಹೂತುಹೋಗುತ್ತದೆ, ತೋಪಿನ ಗಾಡಿಯ ಮಾತೇ ಬೇಡ. ಮಳೆಗಾಲದಲ್ಲಿ ತುಂಬಿದ ತುಂಗಭದ್ರೆ ಗೋಡೆಯಿದ್ದಂತೆ ಎಂದು ಮರಾಠರು ನಂಬಿದ್ದರು. 1786ರ ಆಗಸ್ಟಿನಲ್ಲಿ ಟಿಪ್ಪು ಹರಿಗೋಲುಗಳಲ್ಲಿ ಸೈನ್ಯವನ್ನು ದಾಟಿಸಿದ್ದು ಅಷ್ಟು ಪರಿಣಾಮ ಮಾಡಿದ್ದು ಇದಕ್ಕೇ. ಅಕ್ಟೋಬರಿನಲ್ಲಿ ಸವಣೂರು ಅವನ ಕೈಗೆ ಬಂತು.

ಮೂರನೆಯ ಕೆಲಸಕ್ಕೆ ಹೆಚ್ಚು ಹೊತ್ತು ಕೊಡಿ. ನೋಟ್‌ಬುಕ್ಕಿನ ಪುಟಕ್ಕೆ ಉದ್ದ ಗೆರೆ ಹಾಕಿ, ಎಡಕ್ಕೆ ಒಪ್ಪಂದ, ಬಲಕ್ಕೆ ‘ಆ ಹೊತ್ತಿಗೆ ಯಾರನ್ನು ಬಿಟ್ಟು ಸಹಿ ಹಾಕಿದರು’ ಎಂದು ಬರೆಯಿರಿ. 1780ರಲ್ಲಿ ಪುಣೆ, ಹೈದರಾಬಾದು, ಶ್ರೀರಂಗಪಟ್ಟಣ ಮೂರೂ ಇಂಗ್ಲಿಷರ ವಿರುದ್ಧ ಒಂದಾದವು. ಅದಕ್ಕಾಗಿ ಪುಣೆಯವರು ಕೃಷ್ಣೆಯವರೆಗಿನ ಹೈದರನ ಹಿಡಿತವನ್ನೂ ಒಪ್ಪಿಕೊಂಡರು. 1782ರ ಮೇ ತಿಂಗಳಲ್ಲಿ ಸಾಲ್‌ಬಾಯಿ ಒಪ್ಪಂದದಲ್ಲಿ ಮರಾಠರು ತಾವೇ ಇಂಗ್ಲಿಷರ ಜೊತೆ ರಾಜಿಯಾದರು. ಹೈದರ್ ಗೆದ್ದ ಇಂಗ್ಲಿಷರ ನೆಲವನ್ನು ಆರು ತಿಂಗಳಲ್ಲಿ ಬಿಡಿಸಿಕೊಡುತ್ತೇವೆ ಎಂಬ ಮಾತನ್ನೂ ಕೊಟ್ಟರು. ರಣರಂಗದಲ್ಲಿ ಇನ್ನೂ ಹೋರಾಡುತ್ತಿದ್ದ ಮಿತ್ರನ ಪರವಾಗಿ ಕೊಟ್ಟ ಮಾತು ಅದು. ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1784ರ ಮಾರ್ಚಿನಲ್ಲಿ ಟಿಪ್ಪು ಪುಣೆಯನ್ನು ಕೇಳದೆ ಮಂಗಳೂರಿನಲ್ಲಿ ಇಂಗ್ಲಿಷರೊಡನೆ ತನ್ನದೇ ಒಪ್ಪಂದ ಮಾಡಿಕೊಂಡ. ಪುಣೆಯ ಆಡಳಿತ ನಡೆಸುತ್ತಿದ್ದ ಮಂತ್ರಿ ನಾನಾ ಫಡ್ನವೀಸನಿಗೆ ಅದು ಅವಮಾನವೆನಿಸಿತು.

ಈ ಮೂರು ಸಾಲನ್ನು ಒಂದರ ಕೆಳಗೊಂದು ಬರೆದಿಟ್ಟರೆ 1785ರಲ್ಲಿ ನರಗುಂದದಂಥ ಸಣ್ಣ ಸಂಸ್ಥಾನಕ್ಕಾಗಿ ಎರಡು ದೊಡ್ಡ ರಾಜ್ಯಗಳು ಕಚ್ಚಾಡಿದ್ದೇಕೆ ಎಂಬುದು ತಾನಾಗಿ ತಿಳಿಯುತ್ತದೆ. ಸಮಾನ ವೈರಿಯೊಡನೆ ಇಬ್ಬರೂ ಬೇರೆಬೇರೆ ರಾಜಿಯಾದ ಮೇಲೆ ನಡುವೆ ಉಳಿದದ್ದು ಹಳೆಯ ಗಡಿ ತಂಟೆ ಮಾತ್ರ. ನಮ್ಮ ಮಟ್ಟಿಗೆ ಇಡೀ ಕಥೆಯ ಕೀಲಿ ಇದೇ, ಆದರೆ ನೋಟ್ಸುಗಳಲ್ಲಿ ಇದಕ್ಕೆ ಅರ್ಧ ಸಾಲೂ ಸಿಗುವುದಿಲ್ಲ.

ಮುಂದೆ ನಡುವಿನವರ ಪುಟ. ನರಗುಂದ, ಕಿತ್ತೂರು, ಸವಣೂರು ಪ್ರತಿಯೊಂದಕ್ಕೂ ಒಂದು ಪುಟ ಬಿಡಿ. ಯಾರಿಗೆ ಕಪ್ಪ ಕೊಡುತ್ತಿದ್ದರು, ಯಾರ ಜೊತೆ ನೆಂಟಸ್ತಿಕೆ, ಸಂಕಟ ಬಂದಾಗ ಯಾರ ಕಡೆ ಓಡಿದರು, ಇಷ್ಟು ಬರೆದರೆ ಸಾಕು. ನರಗುಂದದ ವೆಂಕಟರಾವ್ ಭಾವೆ ಮೈಸೂರಿಗೆ ಕಪ್ಪ ಸಲ್ಲಿಸುತ್ತಿದ್ದವನು. ಟಿಪ್ಪು ಹೆಚ್ಚು ಕೇಳಿದಾಗ ಪುಣೆಯ ಮೊರೆ ಹೋದ, ಕೋಟೆ ಬಿದ್ದ ಮೇಲೆ ಮೈಸೂರಿನ ಸೆರೆಗೆ ಹೋದ. ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನ ಮನೆತನಕ್ಕೂ ಹೈದರನ ಮನೆತನಕ್ಕೂ ಕೊಟ್ಟು ತಂದ ಬೀಗತನವಿತ್ತು. ಆದರೂ 1786ರಲ್ಲಿ ಅವನು ಸೇರಿದ್ದು ಮರಾಠರ ಪಾಳೆಯವನ್ನು. ದೊಡ್ಡವರ ನಡುವಿನ ಸಂಬಂಧ ಕೆಡುತ್ತಿದೆ ಎಂಬ ಸೂಚನೆ ರಾಜಧಾನಿಯ ಕಾಗದಪತ್ರಕ್ಕಿಂತ ಮೊದಲು ಇಂಥವರ ನಡೆಯಲ್ಲಿ ಸಿಗುತ್ತದೆ.

1787ರ ಗಜೇಂದ್ರಗಡ ಒಪ್ಪಂದಕ್ಕೆ ಬಂದಾಗ ಅವಸರ ಮಾಡಬೇಡಿ. ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಹೋದವು, ಆದೋನಿ ನಿಜಾಮನ ಕಡೆಗೆ. ಧಾರವಾಡದ ಕೋಟೆ ಟಿಪ್ಪುವಿನ ಕೈಯಲ್ಲೇ ಉಳಿಯಿತು. ಯಾವುದೇ ಒಪ್ಪಂದದಲ್ಲಿ ಕೊಟ್ಟದ್ದನ್ನು ಒಂದು ಬಣ್ಣದಲ್ಲಿ, ಕೊಡದೆ ಉಳಿಸಿಕೊಂಡದ್ದನ್ನು ಇನ್ನೊಂದರಲ್ಲಿ ಹಚ್ಚಿ, ಮೂರು ವರ್ಷ ಮುಂದಕ್ಕೆ ಹೋಗಿ ನೋಡಿ. 1790ರ ಜೂನಿನಲ್ಲಿ ಪುಣೆಯವರು ಟಿಪ್ಪುವಿನ ವಿರುದ್ಧ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಜೊತೆ ಸಹಿ ಹಾಕಿದರು. ಸೆಪ್ಟೆಂಬರಿನಲ್ಲಿ ಮುತ್ತಿಗೆ ಬಿದ್ದದ್ದು ಎರಡನೆಯ ಬಣ್ಣದ ಧಾರವಾಡಕ್ಕೇ.

ಆ ಮುತ್ತಿಗೆಯನ್ನು ಹತ್ತಿರದಿಂದ ನೋಡಬೇಕು. ಟಿಪ್ಪುವಿನ ಕಡೆಯ ಬದ್ರುಜ್ಜಮಾನ್ ಖಾನ್ ಕೋಟೆಯನ್ನು ಆರು ತಿಂಗಳಿಗೂ ಮಿಕ್ಕಿ ಹಿಡಿದು ನಿಂತು 1791ರ ಏಪ್ರಿಲಿನಲ್ಲಿ ಬಿಟ್ಟುಕೊಟ್ಟ. ಹೊರಗಿದ್ದವರು ಪರಶುರಾಮ್ ಭಾವು ಪಟವರ್ಧನನ ಸೈನ್ಯ, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಮುಂಬೈ ತುಕಡಿ. ಆ ತುಕಡಿಯಲ್ಲಿದ್ದ ಲೆಫ್ಟಿನೆಂಟ್ ಎಡ್ವರ್ಡ್ ಮೂರ್ ಕಂಡದ್ದನ್ನು ಬರೆದಿಟ್ಟಿದ್ದಾನೆ: ಮರಾಠರು ತೋಪಿಗೆ ಮದ್ದು ತುಂಬಿ ಅರ್ಧ ಗಂಟೆ ಹುಕ್ಕಾ ಸೇದುತ್ತ ಹರಟುತ್ತಾರೆ, ಆಮೇಲೆ ಹಾರಿಸುತ್ತಾರೆ, ಧೂಳೆದ್ದರೆ ಸಾಕು, ಮತ್ತೆ ತುಂಬಿ ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆ ಊಟದ ಹೊತ್ತು, ಗುಂಡು ಹಾರುವುದೇ ಅಪರೂಪ. ಓದುಗರು ಇಲ್ಲಿ ಎಡವುವುದು ಮೂರ್‌ನ ಅಸಹನೆಯನ್ನು ಇದ್ದಂತೆಯೇ ಒಪ್ಪಿಕೊಂಡು. ತಾಸಗಾಂವದ ಪಟವರ್ಧನರಿಗೆ ಬೇಕಿದ್ದದ್ದು ಈ ಸೀಮೆ, ಕಾರ್ನ್‌ವಾಲಿಸನಿಗೆ ಬೇಕಿದ್ದದ್ದು ಶ್ರೀರಂಗಪಟ್ಟಣ. ಒಂದೇ ಕಂದಕದಲ್ಲಿ ನಿಂತ ಮಿತ್ರರ ಗುರಿಗಳು ಬೇರೆಯಾಗಿದ್ದವು ಎಂಬುದಕ್ಕೆ ಆ ಸಾಲುಗಳು ಸಾಕ್ಷಿ. ಹಾಗೆಯೇ ‘ಮರಾಠರು’ ಎಂದು ಒಟ್ಟಾಗಿ ಬರೆಯಬೇಡಿ. ನಾನಾನ ಲೆಕ್ಕ ಪುಣೆಯದು, ಉತ್ತರದಲ್ಲಿದ್ದ ಮರಾಠಾ ಸರದಾರ ಮಹಾದಜಿ ಶಿಂಧೆಯ ಕಣ್ಣು ದಿಲ್ಲಿಯ ಮೇಲೆ.

ಹಣದ ಪುಟ ತಪ್ಪಿಸಬೇಡಿ. ಕಪ್ಪ, ಬಾಕಿ, ಸಾಲ, ದಂಡ ಎಂದು ನಾಲ್ಕು ಕಾಲಂ ಸಾಕು. 1791ರಲ್ಲಿ ಕಂಪನಿ ಮರಾಠರಿಗೆ 12 ಲಕ್ಷ ರೂಪಾಯಿ ಸಾಲ ಕೊಟ್ಟಿತು. 1792ರ ಮಾರ್ಚ್ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟು, 3 ಕೋಟಿ 30 ಲಕ್ಷ ದಂಡಕ್ಕೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಸಾಲ ಕೊಡುವವನು ಯಾರು, ಒತ್ತೆ ಇಟ್ಟುಕೊಳ್ಳುವವನು ಯಾರು ಎಂದು ನೋಡಿದರೆ ನೆರೆಯವರಿಬ್ಬರ ಜಗಳದ ಯಜಮಾನಿಕೆ ಎತ್ತ ಹೋಯಿತೆಂದು ಗೊತ್ತಾಗುತ್ತದೆ.

ಅತಿ ಹೆಚ್ಚು ಜನ ಮಾಡುವ ತಪ್ಪು, ಇದನ್ನೆಲ್ಲ ಧರ್ಮದ ಎರಡು ಪಕ್ಷಗಳಾಗಿ ಓದುವುದು. ನಿಜಾಮ ಮರಾಠರ ಜೊತೆಗಿದ್ದ, ಸವಣೂರಿನ ನವಾಬನೂ ಅಲ್ಲಿಗೇ ಹೋದ. 1791ರಲ್ಲಿ ಶೃಂಗೇರಿ ಮಠವನ್ನು ದೋಚಿದ್ದು ಮರಾಠರ ಸೈನ್ಯದ ಜೊತೆಗಿದ್ದ ಲೂಟಿಗಾರ ಸವಾರರಾದ ಪಿಂಡಾರಿಗಳು, ನೆರವು ಕಳಿಸಿದ್ದು ಟಿಪ್ಪು. ಆ ಚೌಕಟ್ಟಿಗೆ ಹೊಂದದ ಸಂಗತಿಗಳನ್ನು ಬಿಟ್ಟುಬಿಡುವ ಚಪಲ ಬಂದಾಗ ಚೌಕಟ್ಟನ್ನೇ ಬಿಡಿ.

ಕ್ರಮ ಕೈಗೆ ಹತ್ತಿತೇ ಎಂದು ಪರೀಕ್ಷಿಸಲು ಬೇರೆ ಯುದ್ಧವೊಂದನ್ನು ತೆಗೆದುಕೊಳ್ಳಿ. 1980ರಿಂದ 1988ರವರೆಗಿನ ಇರಾನ್–ಇರಾಕ್ ಯುದ್ಧಕ್ಕೆ ಹಣದ ಪುಟ ಮಾಡಿ. ಇರಾಕಿಗೆ ಸಾಲ ಕೊಟ್ಟ ನೆರೆಯವರಲ್ಲಿ ಕುವೈತ್ ಇದೆ. ಯುದ್ಧ ನಿಂತು ಎರಡು ವರ್ಷಕ್ಕೆ, 1990ರ ಆಗಸ್ಟ್ 2ರಂದು, ಇರಾಕ್ ನುಗ್ಗಿದ್ದು ಅದೇ ಕುವೈತಿಗೆ.

ನಮ್ಮ ಹಾಳೆಯ ಕೊನೆಯ ಸಾಲುಗಳನ್ನು ಹೀಗೆ ತುಂಬಿ. 1795ರಲ್ಲಿ ಖರ್ಡಾದಲ್ಲಿ ಮರಾಠರು ತಮ್ಮದೇ ಮಿತ್ರ ನಿಜಾಮನನ್ನು ಸೋಲಿಸಿದರು, ಇಂಗ್ಲಿಷರು ಸುಮ್ಮನಿದ್ದರು. 1798ರಲ್ಲಿ ನಿಜಾಮ ಕಂಪನಿಯ ಸಹಾಯಕ ಸೈನ್ಯ ಪದ್ಧತಿಗೆ ಒಳಗಾದ. 1799ರ ಮೇ 4ರಂದು ಟಿಪ್ಪು ಮಡಿದ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ಧೋಂಡಿಯಾ ವಾಘ್, ಕೆಲಸ ಕಳೆದುಕೊಂಡ ಸೈನಿಕರನ್ನು ಕೂಡಿಸಿಕೊಂಡು ಧಾರವಾಡ ಸೀಮೆಗೆ ನುಗ್ಗಿದ. ಅವನ ಬೆನ್ನು ಹತ್ತಿ ಕಂಪನಿಯ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆ ದಾಟಿದ, ಪುಣೆಯ ಒಪ್ಪಿಗೆ ಪಡೆದೇ. ಕುಂದಗೋಳ, ಡಂಬಳ ಹಿಡಿದು, 1800ರ ಸೆಪ್ಟೆಂಬರಿನಲ್ಲಿ ಧೋಂಡಿಯಾನನ್ನು ಕೊಂದ. ನಾವು ಹಾಕಿಕೊಂಡ ಗಡಿಯ ಆಚೆಯದಾದರೂ ಇನ್ನೊಂದು ಸಾಲು ಸೇರಿಸಿ: ‘ಯಾರನ್ನು ಬಿಟ್ಟು’ ಎಂಬ ಕಾಲಂನಲ್ಲಿ, 1802ರ ಡಿಸೆಂಬರ್ 31ರಂದು ಪೇಶ್ವೆ ಇಂಗ್ಲಿಷರೊಡನೆ ಮಾಡಿಕೊಂಡ ಬಸ್ಸೀನ್ ಒಪ್ಪಂದದ ಎದುರು ಮರಾಠಾ ಸರದಾರರಾದ ಶಿಂಧೆ, ಹೋಳ್ಕರ್, ಭೋಸಲೆ ಮೂವರ ಹೆಸರೂ ಬರಬೇಕು.